ಸೊಂಟನೋವೆಂದು ಹೇಳಿಕೊಂಡ ನೋವು

ಹೊಲಿಗೆ ವಿಭಾಗದಲ್ಲಿ ನಲವತ್ತು ಯಂತ್ರಗಳಿದ್ದವು, ನಲವತ್ತು ಹೆಂಗಸರು ಕೂತಿದ್ದರು. ಕೂರದೆ ನಿಂತಿದ್ದವಳು ಒಬ್ಬಳೇ, ಅವರ ಮೇಲ್ವಿಚಾರಕಿ.

ಆಕೆಗೆ ಕುರ್ಚಿ ಇರಲಿಲ್ಲವೆಂದಲ್ಲ. ಬಾಗಿಲ ಪಕ್ಕದ ಮೇಜಿನ ಹಿಂದೆ ಕೈ ಇರುವ ಒಳ್ಳೆಯ ಕುರ್ಚಿಯೇ ಇತ್ತು. ಹನ್ನೊಂದು ದಿನಗಳಿಂದ ಅದರ ಮೇಲೆ ಗುಂಡಿ ಹಾಕದ ಅಂಗಿಗಳ ಕಟ್ಟು ರಾಜಾರೋಷವಾಗಿ ಕೂತಿತ್ತು, ಆಕೆ ಪಕ್ಕದಲ್ಲಿ ಕಾವಲುಗಾರ್ತಿಯಂತೆ ನಿಂತಿರುತ್ತಿದ್ದಳು.

“ಅಕ್ಕಾ, ಸೊಂಟ ಇನ್ನೂ ಬಿಟ್ಟಿಲ್ವಾ?” ಎಂದು ಮೂರನೇ ಸಾಲಿನ ಮೊದಲ ಯಂತ್ರದವಳು ಕೇಳಿದಳು. ಅಂಗಿಯ ಕಾಲರಿನ ತುದಿಯನ್ನು ಅವಳಷ್ಟು ಚೂಪಾಗಿ ತಿರುಗಿಸುವವರು ಯಾರೂ ಇರಲಿಲ್ಲವಾದ್ದರಿಂದ ಎಲ್ಲರಿಗೂ ಅವಳು ಕಾಲರಿನವಳೇ. “ನನ್ನ ದಿಂಬು ತಗೊಳ್ಳಿ. ಬೆನ್ನಿಗೆ ಕೊಟ್ಕೊಂಡು ಒಂದು ಗಳಿಗೆ ಕೂತ್ಕೊಳ್ಳಿ.”

“ಬೇಡ ಬಿಡೇ. ನಿಂತ್ರೇ ಹಾಯಾಗಿರುತ್ತೆ,” ಎಂದಳು ಮೇಲ್ವಿಚಾರಕಿ. ಮಾತು ನಿಜವೇ. ಸೊಂಟ ಎಂಬುದೊಂದು ಮಾತ್ರ ಸುಳ್ಳು.

ನೋವಿದ್ದದ್ದು ಸೊಂಟದಲ್ಲಲ್ಲ, ಸೊಂಟಕ್ಕಿಂತ ಒಂದು ಗೇಣು ಕೆಳಗೆ, ಹೆಸರು ಹೇಳಲು ನಾಲಗೆ ಏಳದ ಜಾಗದಲ್ಲಿ. ಬೆಳಿಗ್ಗೆ ಶೌಚಕ್ಕೆ ಕೂತರೆ ಗಾಜಿನ ಚೂರು ಹೊರಬಂದಂತಾಗುತ್ತಿತ್ತು. ಎದ್ದ ಮೇಲೆ ಆ ಇರಿತ ಹೋಗಿ ಉರಿ ಶುರುವಾಗುತ್ತಿತ್ತು. ಉರಿ ಒಂದು ಗಂಟೆಯೋ ಎರಡು ಗಂಟೆಯೋ ಇದ್ದು ತಾನಾಗಿ ಇಳಿಯುತ್ತಿತ್ತು. ಇಳಿದಾಗ ‘ಅಯ್ಯೋ, ಏನೂ ಇಲ್ಲ, ನಾನೇ ಸುಮ್ಮನೆ ಹೆದರಿದೆ’ ಅನ್ನಿಸುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಗಾಜು.

ಹೊಲಿಗೆ ವಿಭಾಗದ ಬಾಗಿಲ ಚೌಕಟ್ಟಿಗೆ ಒಂದು ಮೊಳೆ ಹೊಡೆದು ಹಿತ್ತಾಳೆಯ ಬಿಲ್ಲೆಯೊಂದನ್ನು ತೂಗುಹಾಕಿದ್ದರು. ಶೌಚಾಲಯಕ್ಕೆ ಹೋಗುವವಳು ಅದನ್ನು ಹಿಡಿದುಕೊಂಡೇ ಹೋಗಬೇಕು. ಅವಳು ಬಂದು ಬಿಲ್ಲೆಯನ್ನು ಮತ್ತೆ ಮೊಳೆಗೆ ಹಾಕುವ ತನಕ ಇನ್ನೊಬ್ಬಳು ಏಳುವಂತಿಲ್ಲ. ನಲವತ್ತು ಜನಕ್ಕೆ ಒಂದೇ ಬಿಲ್ಲೆ. ಹಿಂದೆ ನಾಲ್ಕೈದು ಜನ ಒಟ್ಟಿಗೆ ಎದ್ದುಹೋಗಿ ಹರಟೆ ಹೊಡೆಯುತ್ತಿದ್ದರು, ಕೆಲಸ ಕೆಡುತ್ತಿತ್ತು. ಅದಕ್ಕೆ ಈ ಉಪಾಯ ಹೊಳೆದದ್ದು ಮೇಲ್ವಿಚಾರಕಿಗೇ. ನಾಲ್ಕು ವರ್ಷದ ಹಿಂದೆ ಮ್ಯಾನೇಜರು ಅದಕ್ಕೆ ಶಹಭಾಸ್ ಎಂದಿದ್ದರು. ಹೆಂಗಸರು ಎದುರಿಗೆ ಅಕ್ಕಾ ಎನ್ನುತ್ತಿದ್ದರು, ಹಿಂದಿನಿಂದ ಬಿಲ್ಲೆಯಕ್ಕ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಬಿಲ್ಲೆ ಬಂದ ಮೇಲೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಬೆಳಿಗ್ಗೆ ತುಂಬಿಸಿ ತಂದ ಬಾಟಲಿ ಸಂಜೆ ಹಾಗೇ ಮನೆಗೆ ಹೋಗುತ್ತಿತ್ತು. ನಿಯಮ ಮಾಡಿದವಳೇ ಎದ್ದೆದ್ದು ಹೋದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ ಎಂದು ಮೇಲ್ವಿಚಾರಕಿ ತಾನೂ ಬಿಲ್ಲೆ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಅವಸರ, ಇಲ್ಲಿ ಬಿಗುಮಾನ. ಹೊಟ್ಟೆ ಕರೆದಾಗ ‘ಆಮೇಲೆ’ ಎಂದು ಸುಮ್ಮನಾಗಿಸಿ ಸುಮ್ಮನಾಗಿಸಿ ಕೊನೆಗೆ ಹೊಟ್ಟೆ ಕರೆಯುವುದನ್ನೇ ಬಿಟ್ಟಿತ್ತು. ಇದಕ್ಕೂ ತನ್ನ ನೋವಿಗೂ ನಂಟಿದೆಯೆಂದು ಆಕೆಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಮನೆಯಲ್ಲಿ ಸೊಂಟನೋವಿನ ಉಪಚಾರ ಜೋರಾಗಿಯೇ ನಡೆದಿತ್ತು. ಗಂಡನದು ಕನ್ನಡಕದ ಅಂಗಡಿ. ಸಂಜೆ ಬಂದವನೇ ಹೆಂಡತಿಯನ್ನು ಬೋರಲು ಮಲಗಿಸಿ ಬೆನ್ನಿಗೆ ನೋವಿನ ಎಣ್ಣೆ ತಿಕ್ಕುತ್ತಿದ್ದ.

“ಇಲ್ಲಿ ನೋವಾ? ಈಗ? ಇದು ಹೆಚ್ಚಾ, ಮೊದಲಿನದು ಹೆಚ್ಚಾ?” ಗಿರಾಕಿಯ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಕೇಳುವ ಅದೇ ಧಾಟಿ.

“ಎರಡೂ ಒಂದೇ ರೀ.”

“ಇನ್ನೂ ಸ್ವಲ್ಪ ಕೆಳಗಾ?”

“ಬೇಡ ಬೇಡ, ಅಷ್ಟು ಸಾಕು!” ಎಂದು ಆಕೆ ಗಾಬರಿಯಿಂದ ಎದ್ದುಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರ. ಹೆರಿಗೆಯಾದಾಗ ಪಕ್ಕದಲ್ಲಿದ್ದ ಗಂಡಸು. ಆದರೂ ಈ ಒಂದು ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಗಂಡ ಸೊಂಟಕ್ಕೆ ಪಟ್ಟಿ ತಂದ, ಅದನ್ನೂ ಕಟ್ಟಿಕೊಂಡಳು. ಔಷಧಿ ಅಂಗಡಿಯ ಪರಿಚಯದವನಿಂದ ಬಲವಾದ ನೋವಿನ ಮಾತ್ರೆ ತಂದ, ಅದನ್ನೂ ನುಂಗಿದಳು. ಮಾತ್ರೆ ನುಂಗಿದ ಮೇಲೆ ಎರಡು ದಿನ ಶೌಚವೇ ಆಗಲಿಲ್ಲ. ಮೂರನೆಯ ದಿನ ಆದಾಗ ಕಣ್ಣು ಕತ್ತಲೆ ಬಂತು, ಕೆಳಗೆ ನೋಡಿದರೆ ಕೆಂಪಗೆ ರಕ್ತ. ಬಚ್ಚಲ ಗೋಡೆಗೆ ಒರಗಿ ನಿಂತು, ಯಾರಿಗೂ ಕೇಳಿಸದಂತೆ ನಲ್ಲಿ ತಿರುಗಿಸಿ ಅತ್ತಳು.

ಕಣ್ಣು ಕೆಂಪಾದದ್ದನ್ನು ಕಂಡುಹಿಡಿದವಳು ನಾದಿನಿ. ಹೀಗೇ ಮಾತಾಡಿಸಿಕೊಂಡು ಹೋಗಲು ಬಂದಿದ್ದವಳು ಅತ್ತಿಗೆಯನ್ನು ಅಡುಗೆಮನೆಯ ಮೂಲೆಗೆ ಎಳೆದು ಬಾಯಿ ಬಿಡಿಸಿದಳು.

“ರಕ್ತ ಅಂದ್ರೆ ಮೂಲವ್ಯಾಧಿನೇ ಅತ್ತಿಗೆ, ಅನುಮಾನವೇ ಬೇಡ. ನಮ್ಮ ಮಾವನಿಗಿತ್ತು. ಉಷ್ಣ. ಖಾರ ಬಿಡಿ. ನನ್ನ ಹತ್ರ ಒಂದು ಮುಲಾಮಿದೆ, ಅದನ್ನ ಹಚ್ಕೊಳ್ಳಿ.”

“ಮಾವನಿಗೆ ನೋವಿತ್ತಾ?”

ನಾದಿನಿ ಯೋಚಿಸಿದಳು. “ನೋವು ಅಂತ ಯಾವತ್ತೂ ಅಂದಿದ್ದಿಲ್ಲ. ರಕ್ತ ಮಾತ್ರ ತೊಟ್ಟಿಕ್ತಿತ್ತಂತೆ.”

“ನನಗೆ ನೋವೇ ಜಾಸ್ತಿ ಕಣೇ. ರಕ್ತ ಒಂದು ಗೆರೆಯಷ್ಟು.”

“ಹಾಗಾದ್ರೆ ಒಳಗಿನ ಮೂಲವ್ಯಾಧಿ ಇರ್ಬೇಕು. ಇಲ್ಲಾ ಹೊರಗಿಂದು. ಎರಡರಲ್ಲಿ ಒಂದು,” ಎಂದು ನಾದಿನಿ ತೀರ್ಪು ಕೊಟ್ಟಳು.

ಮುಲಾಮು ಮೊದಲ ದಿನ ತಣ್ಣಗಾಗಿಸಿತು, ಎರಡನೆಯ ದಿನ ಉರಿಸಿತು. ಬಸ್ ನಿಲ್ದಾಣದ ಗೋಡೆಯ ಚೀಟಿಯಲ್ಲಿ ‘ಕೊಯ್ಯದೆ, ನೋಯಿಸದೆ, ಒಂದೇ ದಿನದಲ್ಲಿ ಗುಣ’ ಎಂದಿತ್ತು. ಔಷಧಿ ಅಂಗಡಿಯವನು, ‘ಸೊಂಟದ ನರ ಒತ್ತಿದ್ರೆ ಕೆಳಗಡೆಗೂ ನೋವು ಇಳಿಯುತ್ತೆ’ ಎಂದು ಗಂಡನ ಬಾಯಲ್ಲಿ ಹೇಳಿಕಳಿಸಿದ. ಉಷ್ಣವೋ, ನರವೋ, ಮೂಲವ್ಯಾಧಿಯೋ, ಅಥವಾ ಹೆಸರೆತ್ತಲೂ ಹೆದರುವ ಆ ದೊಡ್ಡ ಕಾಯಿಲೆಯೋ? ಆಕೆಗೆ ತಲೆಬುಡ ತಿಳಿಯಲಿಲ್ಲ. ಕೆಲಸದ ನಡುವೆ ಅಂಗಿಗಳ ಎಡತೋಳು ಬಲತೋಳುಗಳ ಕಟ್ಟುಗಳನ್ನು ಅದಲುಬದಲು ಹಂಚಿಬಿಟ್ಟಳು. ಹದಿನೈದು ವರ್ಷದಲ್ಲಿ ಮೊದಲ ಸಲ ಹೆಂಗಸರು ಬಿಲ್ಲೆಯಕ್ಕನ ತಪ್ಪು ನೋಡಿ ಮುಖ ಮುಖ ನೋಡಿಕೊಂಡರು.

ಮರುದಿನವೇ ಆಕೆ ರಜೆ ಹಾಕಿ ಒಬ್ಬಳೇ ವೈದ್ಯೆಯ ಬಳಿ ಹೋದಳು. ವೈದ್ಯೆ ವಯಸ್ಸಾದವರು, ಮಾತು ನಿಧಾನ.

“ಏನಮ್ಮಾ ತೊಂದರೆ?”

“ಸೊಂಟನೋವು ಡಾಕ್ಟ್ರೇ.” ಅಭ್ಯಾಸಬಲದಿಂದ ಬಾಯಿ ತಾನಾಗಿ ಹೇಳಿತು.

ವೈದ್ಯೆ ಸೊಂಟ ಒತ್ತಿದರು, ಬಗ್ಗಿಸಿದರು, ಕಾಲೆತ್ತಿಸಿದರು. ಆಕೆ ಒಮ್ಮೆಯೂ ಹಾ ಎನ್ನಲಿಲ್ಲ. ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸೊಂಟ ನೋಯೋರು ಬಂದ ತಕ್ಷಣ ಕುರ್ಚಿ ಹುಡುಕ್ತಾರೆ. ನೀವು ಕುರ್ಚಿ ಕಂಡ್ರೆ ಹಾವು ಕಂಡ ಹಾಗೆ ಹಿಂದೆ ಸರೀತೀರಿ. ಕೂತ್ಕೊಳ್ಳೋ ಜಾಗದಲ್ಲಿ ನೋವಾ?”

ಆಕೆ ತಲೆ ತಗ್ಗಿಸಿದಳು. ಕಣ್ಣೀರು ದಳದಳ ಇಳಿಯಿತು. ಇಷ್ಟು ದಿನದಲ್ಲಿ ಇನ್ನೊಬ್ಬರ ಬಾಯಲ್ಲಿ ಆ ಮಾತು ಕೇಳಿದ್ದು ಇದೇ ಮೊದಲು, ಅದೂ ಹಲ್ಲುನೋವಿನ ವಿಷಯ ಕೇಳಿದಷ್ಟೇ ಸಲೀಸಾಗಿ.

ಪ್ರಶ್ನೆಗಳು ಒಂದೊಂದಾಗಿ ಬಂದವು. ನೋವು ಶೌಚಕ್ಕೆ ಹೋದಾಗ ಮಾತ್ರವಾ, ಇಡೀ ದಿನವಾ? ಇರಿದ ಹಾಗಾ, ಟಕಟಕ ಬಡಿದ ಹಾಗಾ? ರಕ್ತ ತೊಟ್ಟಿಕ್ಕುತ್ತಾ, ಗೆರೆಯಾ? ಗಂಟು, ಊತ? ಜ್ವರ? ಉತ್ತರ ಹೇಳುತ್ತಾ ಹೇಳುತ್ತಾ ಆಕೆಗೇ ತನ್ನ ನೋವಿಗೊಂದು ಆಕಾರ ಬಂದಂತಾಯಿತು. ಪರೀಕ್ಷೆ ಎರಡು ನಿಮಿಷದಲ್ಲಿ ಮುಗಿಯಿತು. ಆಕೆ ಹೆದರಿದ್ದಂತೆ ವೈದ್ಯೆ ಯಾವ ಸಲಕರಣೆಯನ್ನೂ ಒಳಗೆ ಹಾಕಲಿಲ್ಲ.

“ಅಲ್ಲಿ ಏನೇ ನೋವಾದ್ರೂ ಜನ ಮೂಲವ್ಯಾಧಿ ಅಂತ ಹೆಸರಿಟ್ಟುಬಿಡ್ತಾರೆ,” ಎಂದರು ವೈದ್ಯೆ. “ಮೂಲವ್ಯಾಧಿ ಅಂದ್ರೆ ರಕ್ತನಾಳ ಊದಿಕೊಳ್ಳೋದು. ಅದರಲ್ಲಿ ರಕ್ತ ಹೋಗುತ್ತೆ, ನೋವು ಸಾಮಾನ್ಯವಾಗಿ ಅಷ್ಟಿರಲ್ಲ. ಹೊರಗಿನ ಗಂಟಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಮಾತ್ರ ಇದ್ದಕ್ಕಿದ್ದ ಹಾಗೆ ಜೀವ ಹೋಗೋ ನೋವು. ನಿಮ್ಮದು ಬಿರುಕು. ಗಟ್ಟಿ ಮಲ ಹೋಗಿ ಚರ್ಮ ಸೀಳಿದೆ, ತುಟಿ ಒಡೆಯುತ್ತಲ್ಲ, ಹಾಗೆ. ನೋವಿಗೆ ಒಳಗಿನ ಸ್ನಾಯು ಬಿಗಿಯುತ್ತೆ. ಬಿಗಿದ್ರೆ ಗಾಯಕ್ಕೆ ರಕ್ತ ಸರಿಯಾಗಿ ಬರಲ್ಲ, ಮಾಯೋದು ಹೇಗೆ?”

“ದೊಡ್ಡ ಕಾಯಿಲೆ ಅಲ್ವಾ ಡಾಕ್ಟ್ರೇ?”

“ಬಿರುಕು ನನ್ನ ಕಣ್ಣಿಗೇ ಕಾಣ್ತಿದೆ. ಆ ಭಯ ಈಗ ಬೇಡ. ಇದು ಮಾದ ಮೇಲೂ ರಕ್ತ ಬಂದ್ರೆ ಬನ್ನಿ, ಒಳಗೂ ನೋಡೋಣ. ಆ ನೋವಿನ ಮಾತ್ರೆ ನಿಲ್ಲಿಸಿ, ಅದು ಹೊಟ್ಟೆ ಕಟ್ಟಿಸೋ ಜಾತಿದು. ನಾದಿನಿ ಮುಲಾಮೂ ಸಾಕು. ಸ್ನಾಯು ಸಡಿಲ ಮಾಡೋ ಮುಲಾಮು ಬೇರೆ ಇದೆ, ಬರೆದುಕೊಡ್ತೀನಿ. ಅಗಲವಾದ ಬೇಸಿನ್ನಲ್ಲಿ ಉಗುರುಬೆಚ್ಚನೆ ನೀರು ಹಾಕಿ ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಕೂತ್ಕೊಳ್ಳಿ. ತರಕಾರಿ, ಹಣ್ಣು, ಮಲ ಮೆತ್ತಗೆ ಮಾಡೋ ಪುಡಿ. ಕೂತಾಗ ತಿಣುಕಬೇಡಿ. ಆರೆಂಟು ವಾರ ಬಿಡದೆ ಮಾಡಿ. ನೀರು ಎಷ್ಟು ಕುಡೀತೀರಿ?”

“ಕೆಲಸದಲ್ಲಿ ಕುಡಿಯಲ್ಲ.”

“ಬಂದಾಗ ಹೋಗ್ತೀರಾ?”

“ತಡ್ಕೊಳ್ತೀನಿ. ಅಲ್ಲೊಂದು ನಿಯಮ ಇದೆ.” ಆಕೆ ಬಿಲ್ಲೆಯ ವಿಷಯ ಹೇಳಿದಳು.

ವೈದ್ಯೆ ಬರೆಯುವುದನ್ನು ನಿಲ್ಲಿಸಿದರು. “ಯಾರಮ್ಮಾ ಇಂಥ ನಿಯಮ ಮಾಡಿದ್ದು?”

“ಮೇಲಿನವರು,” ಎಂದಳು ಆಕೆ. ಕಿವಿ ಬಿಸಿಯಾಯಿತು.

ಹೊರಡುವಾಗ ವೈದ್ಯೆ ಇನ್ನೊಂದು ಮಾತು ಹೇಳಿದರು: ಕೂತರೂ ನಿಂತರೂ ಬಿಡದೆ ಬಡಿಯುವ ನೋವು, ಊತ, ಮೈಬಿಸಿ, ಇವು ಕಂಡರೆ ಒಂದು ದಿನವೂ ಕಾಯಬಾರದು. ಆಕೆ ಹೂಂ ಎಂದಳು. ದೊಡ್ಡ ಕಾಯಿಲೆಯಲ್ಲ ಎಂಬ ಸಂತೋಷದಲ್ಲಿ ಅದು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಟುಹೋಯಿತು.

ಅಂದು ಸಂಜೆ ಗಂಡ ಎಣ್ಣೆ ಬಾಟಲಿ ಹಿಡಿದು ಬಂದಾಗ ಆಕೆ ಗೋಡೆ ನೋಡುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಅವನು ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದ.

“ಅಂದ್ರೆ ಇಷ್ಟು ದಿನ ನಾನು ತಿಕ್ಕಿದ್ದು ನೋವಿಲ್ಲದ ಸೊಂಟಾನಾ?”

“ಹೂಂ.”

“ಅರ್ಧ ಬಾಟ್ಲಿ ಖಾಲಿ ಮಾಡಿಸಿದೆಯಲ್ಲೇ!” ಎಂದು ನಕ್ಕ. ಆಮೇಲೆ ಎದ್ದುಹೋಗಿ ಅಗಲವಾದ ಪ್ಲಾಸ್ಟಿಕ್ ಬೇಸಿನ್ ತಂದು, ನೀರು ಕಾಯಿಸಿ ಮೊಣಕೈ ಅದ್ದಿ ಬಿಸಿ ನೋಡಿಕೊಟ್ಟ.

ಎರಡು ವಾರಕ್ಕೆ ಗಾಜು ಮೊಂಡಾಯಿತು, ನಾಲ್ಕಕ್ಕೆ ಉರಿ ಹೋಯಿತು. ಅಂಗಿಗಳ ಕಟ್ಟನ್ನು ಇಳಿಸಿ ಆಕೆ ತನ್ನ ಕುರ್ಚಿಯಲ್ಲಿ ಕೂತಳು. ನೀರನ್ನು ಮಾತ್ರ ಕೆಲಸಕ್ಕೆ ಬರುವ ಮೊದಲು ಮತ್ತು ಹೋದ ಮೇಲೆ ಮನೆಯಲ್ಲೇ ಕುಡಿದುಮುಗಿಸುತ್ತಿದ್ದಳು. ಬಿಲ್ಲೆ ಮೊಳೆಯಲ್ಲೇ ಇತ್ತು. ಅದರ ಕಡೆ ಕಣ್ಣು ಹೋದಾಗಲೆಲ್ಲ ವೈದ್ಯೆಯ ಪ್ರಶ್ನೆ ನೆನಪಾಗಿ ಇರಿಸುಮುರಿಸಾಗುತ್ತಿತ್ತು. ಆದರೆ ನಾಲ್ಕು ವರ್ಷ ತಾನೇ ನಡೆಸಿಕೊಂಡು ಬಂದದ್ದನ್ನು ಯಾವ ಬಾಯಿಂದ ತೆಗೆಯುವುದು?

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಕಾಲರಿನವಳು ಒಂದು ಪಕ್ಕಕ್ಕೆ ಭಾರ ಹಾಕಿ ವಾರೆಯಾಗಿ ಕೂತದ್ದು ಕಂಡಿತು. ದಿಂಬು ಬೆನ್ನ ಹಿಂದೆ ಇರಲಿಲ್ಲ, ತೊಡೆಯ ಕೆಳಗಿತ್ತು.

“ಏನಾಯ್ತೇ?”

“ಸೊಂಟನೋವು ಅಕ್ಕಾ.”

ಮೇಲ್ವಿಚಾರಕಿಗೆ ನಗು ಬಂತು. ಈ ಸೊಂಟನೋವು ಆಕೆಗೆ ಚೆನ್ನಾಗಿ ಪರಿಚಯ. ಊಟದ ಬಿಡುವಿನಲ್ಲಿ ಅವಳನ್ನು ಬಟ್ಟೆಯ ಥಾನುಗಳ ಹಿಂದೆ ಕರೆದೊಯ್ದು ಪಿಸುಗುಟ್ಟಿದಳು.

“ನನ್ನ ಹತ್ರ ಮುಚ್ಚುಮರೆ ಬೇಡ. ನನಗೂ ಅದೇ ಆಗಿತ್ತು. ಮೂಲವ್ಯಾಧಿ ಅಲ್ಲ, ಬಿರುಕು ಅಂತಾರೆ. ನನ್ನ ಮುಲಾಮು ಅರ್ಧ ಉಳಿದಿದೆ, ತಗೋ. ಬಿಸಿನೀರಲ್ಲಿ ಕೂತ್ಕೋ. ತಡ ಆಗುತ್ತೆ, ಆದ್ರೆ ಗ್ಯಾರಂಟಿ ವಾಸಿ.”

ಕಾಲರಿನವಳ ಮುಖ ಅರಳಿತು. “ಅಯ್ಯೋ, ನಾನು ಏನೇನೋ ಅಂದ್ಕೊಂಡಿದ್ದೆ. ನೀವು ಹೇಳಿದ ಮೇಲೆ ಧೈರ್ಯ ಬಂತಕ್ಕಾ.” ಅವಳು ಮುಲಾಮನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಒಂದು ಉಪಕಾರ ಮಾಡಿದೆನೆಂಬ ತೃಪ್ತಿಯಲ್ಲಿ ಮೇಲ್ವಿಚಾರಕಿ ಆ ಇಡೀ ದಿನ ಗಡಿಯಾರದ ಕಡೆ ಕಡಿಮೆ ನೋಡಿದಳು.

ನಾಲ್ಕನೆಯ ದಿನ ಕಾಲರಿನವಳು ಹೊಲಿದ ಕಾಲರುಗಳ ತುದಿ ಮೊಂಡಾಗಿ ಬಂದವು. ಒಂದಲ್ಲ, ಎರಡಲ್ಲ, ಇಡೀ ಕಟ್ಟು. ಗದರಿಸಲೆಂದು ಹತ್ತಿರ ಹೋದವಳಿಗೆ ಅವಳ ಕೈ ನಡುಗುತ್ತಿರುವುದು ಕಾಣಿಸಿತು. ಬಿಸಿಲು ಕಾಯುತ್ತಿದ್ದ ಹೊತ್ತಿನಲ್ಲಿ ಅವಳು ಸ್ವೆಟರು ಹಾಕಿಕೊಂಡಿದ್ದಳು.

“ಮುಲಾಮು ಹಚ್ತಿದ್ದೀಯಾ?”

“ಹಚ್ತಿದ್ದೀನಿ ಅಕ್ಕಾ. ತಡ ಆಗುತ್ತೆ ಅಂದಿದ್ರಲ್ಲ, ಕಾಯ್ತಿದ್ದೀನಿ.”

ಆಗ, ಎಲ್ಲೋ ಕಳೆದುಹೋಗಿದ್ದ ವೈದ್ಯೆಯ ಕೊನೆಯ ಮಾತು ಆಕೆಯ ಕಿವಿಯಲ್ಲಿ ಎದ್ದು ನಿಂತಿತು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಿದಳು.

“ನೋವು ಶೌಚಕ್ಕೆ ಹೋದಾಗ ಮಾತ್ರವಾ, ಯಾವಾಗಲೂನಾ?”

“ಯಾವಾಗಲೂ. ಒಳಗೆ ಟಕಟಕ ಅಂತ ಬಡಿಯುತ್ತೆ. ಒಂದು ಕಡೆ ಗಟ್ಟಿಯಾಗಿ ಊದಿದೆ.”

ಹಣೆ ಮುಟ್ಟಿದರೆ ಕೈ ಸುಟ್ಟಂತಾಯಿತು. “ಇದನ್ನ ಯಾಕೆ ಮೊದಲೇ ಹೇಳ್ಲಿಲ್ವೇ?”

“ನೀವು ಕೇಳ್ಲಿಲ್ಲ,” ಎಂದಳು ಕಾಲರಿನವಳು. ದೂರಿದ್ದಲ್ಲ, ಇದ್ದದ್ದನ್ನು ಹೇಳಿದ್ದು. “ಬೆಳಿಗ್ಗೆಯಿಂದ ವಾಂತಿ ಬಂದ ಹಾಗಾಗ್ತಿದೆ. ಎರಡು ಸಲ ಬಾಗಿಲ ತನಕ ಹೋದೆ, ಬಿಲ್ಲೆ ಇರ್ಲಿಲ್ಲ.”

ಮೇಲ್ವಿಚಾರಕಿ ಗುಂಡಿ ಒತ್ತಿ ಯಂತ್ರವನ್ನು ತಾನೇ ನಿಲ್ಲಿಸಿದಳು. ಮ್ಯಾನೇಜರನ್ನು ಕೇಳಲೂ ಇಲ್ಲ, ಹಾಜರಿ ಪುಸ್ತಕ ಮುಟ್ಟಲೂ ಇಲ್ಲ. ಕಾಲರಿನವಳ ತೋಳಿಗೆ ತೋಳು ಕೊಟ್ಟು ಹೊರಗೆ ಕರೆದೊಯ್ದು, ಸಿಕ್ಕ ಮೊದಲ ಆಟೋ ಹತ್ತಿದಳು. ದಾರಿಯ ಒಂದೊಂದು ಹಳ್ಳಕ್ಕೂ ಕಾಲರಿನವಳು ಅಮ್ಮಾ ಎನ್ನುತ್ತಿದ್ದಳು, ಒಂದೊಂದು ಅಮ್ಮನಿಗೂ ಈಕೆ ಆಟೋದವನಿಗೆ ‘ಮೆಲ್ಲಗಪ್ಪಾ’ ಎನ್ನುತ್ತಿದ್ದಳು.

ವೈದ್ಯೆ ನೋಡಿದವರೇ ದೊಡ್ಡಾಸ್ಪತ್ರೆಗೆ ಫೋನು ಮಾಡಿದರು. ಕೀವು ತುಂಬಿದ ಕುರು. ಮುಲಾಮಿನಿಂದ ಹೋಗುವಂಥದ್ದಲ್ಲ, ಮಾತ್ರೆಯೊಂದರಿಂದಲೂ ಅಲ್ಲ. ಅರಿವಳಿಕೆ ಕೊಟ್ಟು, ಕೊಯ್ದು ಕೀವು ತೆಗೆಯಬೇಕು, ಅದೂ ಇವತ್ತೇ.

ಕಾಲರಿನವಳನ್ನು ಗಾಡಿಗೆ ಹತ್ತಿಸಿ ಕಳಿಸುವ ಮುಂಚೆ ಮೇಲ್ವಿಚಾರಕಿ ವೈದ್ಯೆಯ ಮುಂದೆ ನಿಂತಳು. “ಇದೂ ತಡ್ಕೊಂಡಿದ್ದಕ್ಕೆ ಬಂದಿದ್ದಾ ಡಾಕ್ಟ್ರೇ?”

“ಅಲ್ಲಮ್ಮ. ಒಳಗಿನ ಸಣ್ಣ ಗ್ರಂಥಿ ಕಟ್ಟಿಕೊಂಡು ಕೀವಾಗೋದು. ಯಾರಿಗೂ ಆಗಬಹುದು. ಆದ್ರೆ ನಾಲ್ಕು ದಿನ ಸುಮ್ಮನಿದ್ದಳಲ್ಲ, ಅದು ತಪ್ಪು. ಇನ್ನೂ ಬಿಟ್ಟಿದ್ರೆ ಕೀವು ಒಳಗೆಲ್ಲ ಹರಡಿ ಜೀವಕ್ಕೇ ಕುತ್ತಾಗ್ತಿತ್ತು.”

“ಸುಮ್ಮನಿರಿಸಿದ್ದು ನಾನು. ನನ್ನ ಮುಲಾಮು ಕೊಟ್ಟು, ವಾಸಿಗೆ ತಡ ಆಗುತ್ತೆ ಅಂದೆ. ಇನ್ನೊಂದು ಮಾತು ಡಾಕ್ಟ್ರೇ. ಆ ಬಿಲ್ಲೆ ನಿಯಮ ಮೇಲಿನವರದ್ದಲ್ಲ. ನಾನೇ ಮಾಡಿದ್ದು.”

ವೈದ್ಯೆ ಬೈಯಲಿಲ್ಲ. “ಹಾಗಾದ್ರೆ ತೆಗೆಯೋದೂ ನಿಮಗೆ ಸುಲಭ ಆಯ್ತಲ್ಲ,” ಎಂದು ಹೇಳಿ ಮುಂದಿನವರನ್ನು ಕರೆದರು.

ಮರುದಿನ ಕೆಲಸದ ಗಂಟೆ ಬಾರಿಸಿ ಇನ್ನೂ ಐದು ನಿಮಿಷವಾಗಿರಲಿಲ್ಲ, ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. “ಏನಮ್ಮಾ, ನಿನ್ನೆ ಹೇಳದೆ ಕೇಳದೆ ಹೋಗಿಬಿಟ್ರಂತೆ? ಮತ್ತೆ ಇಲ್ಲಿ ಬಿಲ್ಲೆ ಎಲ್ಲಿ?”

ಮೊಳೆ ಬೋಳಾಗಿತ್ತು. ಹಿತ್ತಾಳೆಯ ಬಿಲ್ಲೆ ಮೇಜಿನ ಮೇಲೆ ಮಾದರಿ ಕಾಗದಗಳು ಹಾರದಂತೆ ಭಾರಕ್ಕೆ ಕೂತಿತ್ತು.

“ತೆಗೆದೆ ಸಾರ್.”

“ಎಲ್ಲರೂ ಒಟ್ಟಿಗೆ ಎದ್ದುಹೋದ್ರೆ? ನೀವೇ ಅಲ್ವಾ ಆವತ್ತು ಹೇಳಿದ್ದು? ನಾನೇನು ಹೆಂಗಸ್ರಿಗೆ ತೊಂದ್ರೆ ಕೊಡಿ ಅಂದಿದ್ನಾ? ನಾಳೆ ಕೆಲಸ ಹಿಂದೆ ಬಿದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?”

“ನಾನೇ ಹೇಳಿದ್ದು. ತಪ್ಪು ನಂದೇ. ಕೆಲಸ ಹಿಂದೆ ಬಿದ್ರೆ ನನ್ನ ಕೇಳಿ.” ಆಕೆ ಎದ್ದು ನಿಂತಳು. ಮ್ಯಾನೇಜರಿಗೆಂದು ಶುರುಮಾಡಿದ ಮಾತು ಮೂರನೇ ಸಾಲಿನ ಖಾಲಿ ಯಂತ್ರದ ಕಡೆ ತಿರುಗಿ, ಅಲ್ಲಿಂದ ಇಡೀ ವಿಭಾಗಕ್ಕೆ ಹರಡಿತು. “ಎರಡು ತಿಂಗಳ ಹಿಂದೆ ನನಗಿದ್ದಿದ್ದು ಸೊಂಟನೋವಲ್ಲ. ಗುದದಲ್ಲಿ ಬಿರುಕಾಗಿತ್ತು. ನೀರು ಕುಡೀದೆ, ಬಂದಾಗ ಹೋಗದೆ ಆಗಿದ್ದು. ಹೇಳೋಕೆ ನಾಚಿಕೆ ಪಟ್ಟು ಸುಳ್ಳು ಹೇಳ್ದೆ. ಮೂರನೇ ಸಾಲಿನವಳಿಗೆ ಬಂದಿದ್ದು ಬೇರೆ, ಕುರು. ಎರಡೂ ಒಂದೇ ಅಂದ್ಕೊಂಡು ನನ್ನ ಔಷಧಿ ಅವಳಿಗೆ ಕೊಟ್ಟೆ. ನಿನ್ನೆ ಕೊಯ್ದಿದ್ದಾರೆ, ಹುಷಾರಾಗ್ತಾಳೆ. ಯಾರಿಗಾದ್ರೂ ಅಲ್ಲಿ ನೋವಿದ್ರೆ ನನ್ನ ಮುಲಾಮು ಕೇಳ್ಬೇಡಿ. ಡಾಕ್ಟರ ಹತ್ರ ಬನ್ನಿ, ಜೊತೆಗೆ ನಾನು ಬರ್ತೀನಿ.”

ಯಂತ್ರಗಳು ಒಂದೊಂದಾಗಿ ನಿಂತಿದ್ದವು. ಮ್ಯಾನೇಜರು ಮುಖ ಕೆಂಪಗೆ ಮಾಡಿಕೊಂಡು ಮೇಲಿನ ಫ್ಯಾನು ನೋಡಿದರು, ಕೆಳಗಿನ ನೆಲ ನೋಡಿದರು. “ಸರಿ ಸರಿ, ಒಂದು ವಾರ ನೋಡೋಣ,” ಎಂದವರೇ ಹೊರಟುಹೋದರು.

ಬಹಳ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಕೊನೆಯ ಸಾಲಿನಲ್ಲಿ ಗುಂಡಿ ಹಾಕುವ ಮುದುಕಿ ಎದ್ದಳು. ಬಾಗಿಲ ಬಳಿ ಬಂದು ಅಭ್ಯಾಸದಂತೆ ಕೈ ಮೇಲೆತ್ತಿದಳು. ಕೈಗೆ ಬರೀ ಮೊಳೆ ಸಿಕ್ಕಿತು. ಹೋಗಲೋ ಬೇಡವೋ ತಿಳಿಯದೆ ಅಲ್ಲೇ ನಿಂತು ಹಿಂದಿರುಗಿ ನೋಡಿದಳು. ಮೇಲ್ವಿಚಾರಕಿ ಗಡಿಯಾರಕ್ಕೆ ಬೆನ್ನು ಹಾಕಿ ಕೂತು, ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಅರ್ಧ ಖಾಲಿಯಾದ ಬಾಟಲಿ ಕೆಳಗಿಟ್ಟು, ಬಾಯಿ ಒರೆಸಿಕೊಂಡು ಎದ್ದಳು.

“ನಡೀರಿ ಅಮ್ಮಾ, ನನಗೂ ಹೋಗ್ಬೇಕು,” ಎಂದಳು. ಹಿಂದೆ ಇನ್ನೂ ಎರಡು ಯಂತ್ರಗಳ ಬಳಿ ಸ್ಟೂಲು ಸರಿದ ಸದ್ದು ಕೇಳಿಸಿತು.